ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿದರೂ ಡಿವೈಸ್ ಮ್ಯಾನೇಜರ್‌ನಲ್ಲಿ ಕಾಣುತ್ತಿಲ್ಲ, ಪೋರ್ಟ್‌ನ ಲೈಟೂ ಹತ್ತುತ್ತಿಲ್ಲ

ಮೇಜುಗಣಕ:

ಎಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್‌ನ ಆನ್‌ಬೋರ್ಡ್ ಲ್ಯಾನ್ ಪೋರ್ಟ್ ಕೆಟ್ಟಿದೆ. ಅದರ ಬದಲಿಗೆ ರಿಯಲ್‌ಟೆಕ್ 8125 ಚಿಪ್ ಇರುವ 2.5 ಗಿಗಾಬಿಟ್ ಕಾರ್ಡ್ ತಂದಿದ್ದೇನೆ, ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1. ಬೋರ್ಡ್ ಎಟಿಎಕ್ಸ್. ಮೇಲಿನ ಎಕ್ಸ್16 ಸ್ಲಾಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆ. ಅದರ ಕೆಳಗೊಂದು ಚಿಕ್ಕ ಎಕ್ಸ್1 ಸ್ಲಾಟ್ ಖಾಲಿ ಇದೆ, ಆದರೆ ಗ್ರಾಫಿಕ್ಸ್ ಕಾರ್ಡ್‌ನ ಕೂಲರ್‌ಗೆ ತೀರಾ ಹತ್ತಿರ. ಹಾಗಾಗಿ ಎಲ್ಲಕ್ಕಿಂತ ಕೆಳಗಿನ ಉದ್ದ ಸ್ಲಾಟ್‌ನಲ್ಲಿ ಹಾಕಿದೆ. ಎಂ.2 (ಬೋರ್ಡ್ ಮೇಲೇ ಕೂರುವ ಚಪ್ಪಟೆ ಎಸ್‌ಎಸ್‌ಡಿ ಹಾಕುವ) ಜಾಗ ಎರಡೂ ತುಂಬಿವೆ: ಒಂದನೆಯದರಲ್ಲಿ ವಿಂಡೋಸ್ 11, ಎರಡನೆಯದರಲ್ಲಿ ಫೈಲುಗಳು.

ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮಾತ್ರ ಹೊಸ ಅಡಾಪ್ಟರ್ ಇಲ್ಲ, ಹಳದಿ ಗುರುತಿನ ಸಾಧನವೂ ಇಲ್ಲ. ಜೊತೆಗೆ ಕೊಟ್ಟಿದ್ದ ಡ್ರೈವರ್ ಓಡಿಸಿದರೆ, ರಿಯಲ್‌ಟೆಕ್ ಕಂಟ್ರೋಲರ್ ಸಿಗಲಿಲ್ಲ, ಡೀಪ್ ಸ್ಲೀಪ್ ಮೋಡ್ ಆನ್ ಇದ್ದರೆ ಕೇಬಲ್ ಹಾಕಿ ಎನ್ನುವ ಸಂದೇಶ ಬಂದು ನಿಂತುಬಿಡುತ್ತದೆ. ಕೇಬಲ್ ಹಾಕಿಯೇ ಇದೆ. ಕಾರ್ಡೇ ಸತ್ತಿದೆಯಾ, ಡ್ರೈವರ್ ತಪ್ಪಾ, ಬಯೋಸ್‌ನಲ್ಲಿ (ಬೋರ್ಡ್‌ನ ಸ್ವಂತ ಸೆಟ್ಟಿಂಗ್‌ಗಳಲ್ಲಿ) ಏನಾದರೂ ಬದಲಿಸಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬೋರ್ಡ್‌ಬಲ್ಲವ:

ಡ್ರೈವರ್ ವಿಷಯ ಸದ್ಯಕ್ಕೆ ಬಿಟ್ಟುಬಿಡಿ ಸರ್. ಡ್ರೈವರ್ ಇಲ್ಲದಿದ್ದರೂ ಕಾರ್ಡ್ ಬಸ್‌ಗೆ (ಬೋರ್ಡ್ ಮತ್ತು ಕಾರ್ಡ್‌ಗಳು ಮಾತಾಡುವ ದಾರಿಗೆ) ಸೇರಿಕೊಂಡಿದ್ದರೆ ಡಿವೈಸ್ ಮ್ಯಾನೇಜರ್‌ನ ಅದರ್ ಡಿವೈಸಸ್ ಕೆಳಗೆ ಈಥರ್ನೆಟ್ ಕಂಟ್ರೋಲರ್ ಎಂದು ಹಳದಿ ಗುರುತಿನೊಂದಿಗೆ ಬಂದೇ ಬರುತ್ತದೆ. ನಿಮ್ಮಲ್ಲಿ ಅದೂ ಇಲ್ಲ ಎಂದರೆ ಮದರ್‌ಬೋರ್ಡ್‌ಗೇ ಕಾರ್ಡ್ ಕಂಡಿಲ್ಲ. ಈ ಸ್ಥಿತಿಯಲ್ಲಿ ಎಷ್ಟು ಡ್ರೈವರ್ ಹಾಕಿದರೂ ಪ್ರಯೋಜನವಿಲ್ಲ. ವಿಂಡೋಸ್ ಮೇಲೆ ಅನುಮಾನ ಇದ್ದರೆ ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಕೊಡಿ. ಪಟ್ಟಿಯಲ್ಲಿ ರಿಯಲ್‌ಟೆಕ್ 8125 ಇಲ್ಲದಿದ್ದರೆ ತೊಂದರೆ ಕಾರ್ಡ್, ಸ್ಲಾಟ್ ಅಥವಾ ಬಯೋಸ್‌ನದು, ಸಾಫ್ಟ್‌ವೇರಿನದಲ್ಲ.

ಇಂಥ ಕೇಸುಗಳನ್ನು ಯಾವಾಗಲೂ ಇದೇ ಕ್ರಮದಲ್ಲಿ ನೋಡಬೇಕು. ಬಸ್‌ನಲ್ಲಿ ಕಾಣುತ್ತದೆಯೇ, ಡ್ರೈವರ್ ಕೂತಿದೆಯೇ, ಕೇಬಲ್‌ನ ಆ ತುದಿಯೊಂದಿಗೆ ಲಿಂಕ್ ಬಂದಿದೆಯೇ, ಕೊನೆಗೆ ಐಪಿ ವಿಳಾಸ ಸಿಕ್ಕಿದೆಯೇ. ಕೆಳಗಿನ ಮೆಟ್ಟಿಲು ಗಟ್ಟಿಯಾಗದೆ ಮೇಲಿನದಕ್ಕೆ ಕೈ ಹಾಕಿದರೆ ಬರೀ ಸಮಯ ಹಾಳು.

ಮೊದಲು ಕಾರ್ಡ್ ಬಿಚ್ಚಿ ಮತ್ತೆ ಕೂರಿಸಿ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ, ಕರ್ನಲ್‌ನ ಹಳೆಯ ಸ್ಥಿತಿಯನ್ನೇ ಡಿಸ್ಕ್‌ನಲ್ಲಿ ಉಳಿಸಿಕೊಳ್ಳುತ್ತದೆ. ಆಮೇಲೆ ಪವರ್ ಸಪ್ಲೈ ಹಿಂಭಾಗದ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಕ್ಯಾಬಿನೆಟ್‌ನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಕಂಪ್ಯೂಟರ್ ಆಫ್ ಇದ್ದರೂ ಪವರ್ ಸಪ್ಲೈಯಿಂದ 5 ವೋಲ್ಟ್ ಸ್ಟ್ಯಾಂಡ್‌ಬೈ ಬೋರ್ಡ್‌ಗೆ ಬರುತ್ತಲೇ ಇರುತ್ತದೆ. ಆ ಕರೆಂಟ್ ಇರುವಾಗ ಕಾರ್ಡ್ ಎಳೆಯುವುದು, ತಳ್ಳುವುದು ಎರಡೂ ಅಪಾಯ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಆಮೇಲೆ ಕಾರ್ಡನ್ನು ಅಂಚಿನಲ್ಲಿ ಹಿಡಿದು ತೆಗೆಯಿರಿ.

ಕೂರಿಸುವಾಗ ಹೆಚ್ಚಿನವರು ಗಮನಿಸದ ಜಾಗ ಬ್ರಾಕೆಟ್. ಎಕ್ಸ್1 ಕಾರ್ಡ್‌ನ ಚಿನ್ನದ ಬಾಯಿ ತೀರಾ ಚಿಕ್ಕದು, ಅದನ್ನು ಹಿಡಿದುಕೊಳ್ಳುವ ಕೊಕ್ಕೆಯೂ ಇಲ್ಲ. ಬ್ರಾಕೆಟ್ ಸ್ವಲ್ಪ ಸೊಟ್ಟಗಿದ್ದರೆ ಸ್ಕ್ರೂ ಬಿಗಿ ಮಾಡಿದ ಕ್ಷಣ ಕಾರ್ಡ್‌ನ ಒಳಗಿನ ತುದಿ ಒಂದು ಮಿಲಿಮೀಟರ್ ಮೇಲೆದ್ದುಬಿಡುತ್ತದೆ, ಕೆಲವು ಪಿನ್‌ಗಳ ಸಂಪರ್ಕ ತಪ್ಪುತ್ತದೆ. ನೋಡಲು ಕೂತ ಹಾಗೆಯೇ ಇರುತ್ತದೆ. ಆದ್ದರಿಂದ ಸ್ಕ್ರೂ ಹಾಕದೆ, ಕಾರ್ಡನ್ನು ನೇರವಾಗಿ ಕೆಳಗೆ ಒತ್ತಿ, ಚಿನ್ನದ ಗೆರೆ ಎರಡೂ ತುದಿಯಲ್ಲಿ ಸಮನಾಗಿ ಒಳಗೆ ಹೋಗಿದೆಯೇ ಎಂದು ಟಾರ್ಚ್ ಹಿಡಿದು ನೋಡಿ, ಹಾಗೆಯೇ ಒಮ್ಮೆ ಬೂಟ್ ಮಾಡಿ. ಸ್ಕ್ರೂ ಇಲ್ಲದಾಗ ಕಂಡು, ಹಾಕಿದಾಗ ಮಾಯವಾದರೆ ಬ್ರಾಕೆಟ್ಟಿನ ತುದಿಯನ್ನು ಇಕ್ಕಳದಿಂದ ನೇರ ಮಾಡಿದರೆ ಸಾಕು.

ಹಸಿರುದೀಪ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಕಾರ್ಡ್‌ನ ಚಿನ್ನದ ಬಾಯಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಬೇಡ. ಚಿನ್ನದ ಲೇಪ ಬಹಳ ತೆಳು, ಉಜ್ಜಿದರೆ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟ್‌ನೊಳಗೆ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲನ್ನು ನೂಲು ಬಿಡದ ಬಟ್ಟೆಗೆ ಹಚ್ಚಿ ಒರೆಸಿ, ಎರಡು ನಿಮಿಷ ಆರಲು ಬಿಟ್ಟರೆ ಸಾಕು. ಹೊಸ ಕಾರ್ಡಿಗೆ ಅದೂ ಬೇಕಾಗುವುದು ಅಪರೂಪ.

ಆದರೆ ನಿಮ್ಮ ವಿವರ ಓದಿದರೆ ನನ್ನ ಅನುಮಾನ ಬೇರೆ ಕಡೆಗಿದೆ: ಕೆಳಗಿನ ಉದ್ದ ಸ್ಲಾಟ್, ಜೊತೆಗೆ ತುಂಬಿರುವ ಎರಡನೇ ಎಂ.2. ಚಿಪ್‌ಸೆಟ್‌ನಿಂದ (ಬೋರ್ಡ್‌ನ ಮುಖ್ಯ ಚಿಪ್) ಹೊರಡುವ ಲೇನ್‌ಗಳು, ಅಂದರೆ ಡೇಟಾ ಹರಿಯುವ ದಾರಿಗಳು, ಎಣಿಕೆಯವು; ಎಕ್ಸ್1, ಎಕ್ಸ್4, ಎಕ್ಸ್16 ಎನ್ನುವುದು ಲೇನ್‌ಗಳ ಸಂಖ್ಯೆ. ಸ್ಲಾಟ್, ಎಂ.2, ಸಾಟಾ ಎಲ್ಲಕ್ಕೂ ಪ್ರತ್ಯೇಕ ಲೇನ್ ಕೊಡಲಾಗದೆ ಬೋರ್ಡ್ ತಯಾರಕರು ಒಂದೇ ಲೇನನ್ನು ಎರಡು ಜಾಗಕ್ಕೆ ಹಂಚಿರುತ್ತಾರೆ. ಕೆಳಗಿನ ಉದ್ದ ಸ್ಲಾಟ್ ನೋಡಲು ಎಕ್ಸ್16 ಆದರೂ ಒಳಗೆ ಸಾಮಾನ್ಯವಾಗಿ ಎಕ್ಸ್4 ಮಾತ್ರ, ಮತ್ತು ಎಷ್ಟೋ ಬೋರ್ಡ್‌ಗಳಲ್ಲಿ ಎರಡನೇ ಎಂ.2ಗೆ ಡ್ರೈವ್ ಹಾಕಿದರೆ ಆ ಸ್ಲಾಟ್ ಪೂರ್ತಿ ಬಂದ್. ದೋಷದ ಸಂದೇಶ ಬರುವುದಿಲ್ಲ, ಬೀಪ್ ಇಲ್ಲ. ಮ್ಯಾನುಯಲ್‌ನ ಸ್ಪೆಸಿಫಿಕೇಶನ್ ಪುಟದಲ್ಲಿ ಎಕ್ಸ್‌ಪಾನ್ಶನ್ ಸ್ಲಾಟ್ಸ್ ಮತ್ತು ಸ್ಟೋರೇಜ್ ಭಾಗದ ಅಡಿಟಿಪ್ಪಣಿಗಳನ್ನು ಓದಿ. ಷೇರ್ಸ್ ಬ್ಯಾಂಡ್‌ವಿಡ್ತ್ ಅಥವಾ ವಿಲ್ ಬಿ ಅನ್‌ಅವೈಲಬಲ್ ಎಂಬ ಮಾತು ಎಲ್ಲಿದ್ದರೂ ನಿಮಗೆ ಸಂಬಂಧಿಸಿದ್ದು.

ಪರೀಕ್ಷೆ ಸುಲಭ. ಕಾರ್ಡನ್ನು ಗ್ರಾಫಿಕ್ಸ್ ಕೆಳಗಿನ ಎಕ್ಸ್1 ಸ್ಲಾಟ್‌ಗೆ ಹಾಕಿ. ಕೂಲರ್ ಫ್ಯಾನ್‌ಗೆ ತಗುಲದೆ ಒಂದು ಸೆಂಟಿಮೀಟರಿನಷ್ಟು ಜಾಗ ಉಳಿದರೂ ನಡೆಯುತ್ತದೆ, ಲ್ಯಾನ್ ಕಾರ್ಡ್ ಚಿಕ್ಕದು, ಗಾಳಿಯನ್ನು ಹೆಚ್ಚು ತಡೆಯುವುದಿಲ್ಲ. ಅಲ್ಲಿ ಹಿಡಿಸದಿದ್ದರೆ ಎರಡನೇ ಎಂ.2 ಡ್ರೈವ್ ತಾತ್ಕಾಲಿಕವಾಗಿ ತೆಗೆದು ಕೆಳಗಿನ ಸ್ಲಾಟ್‌ನಲ್ಲೇ ನೋಡಿ; ವಿಂಡೋಸ್ ಮೊದಲನೆಯದರಲ್ಲಿ ಇರುವುದರಿಂದ ಬೂಟ್‌ಗೆ ತೊಂದರೆಯಿಲ್ಲ. ಪರೀಕ್ಷೆಗೆಂದು ಗ್ರಾಫಿಕ್ಸ್ ಕಾರ್ಡ್ ಕಿತ್ತು ಆ ಜಾಗಕ್ಕೆ ಲ್ಯಾನ್ ಕಾರ್ಡ್ ಹಾಕುವ ಮುಂಚೆ ನಿಮ್ಮ ಪ್ರೊಸೆಸರ್‌ಗೆ ಸ್ವಂತ ಗ್ರಾಫಿಕ್ಸ್ ಇದೆಯೇ ನೋಡಿಕೊಳ್ಳಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಇರುವುದಿಲ್ಲ, ಸ್ಕ್ರೀನ್ ಕಪ್ಪಾಗಿಯೇ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ವಿಂಡೋಸ್ 11ರಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದ್ದರೆ, ಹಾರ್ಡ್‌ವೇರ್ ಅಥವಾ ಬಯೋಸ್ ಬದಲಿಸಿದ ಮೇಲೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಕ್ಯಾಬಿನೆಟ್ ತೆರೆಯಿರಿ.

ಬೋರ್ಡ್‌ಬಲ್ಲವ:

ಲೇನ್ ಹಂಚಿಕೆಯ ಮಾತು ಸರಿ, ಮೊದಲು ಅದನ್ನೇ ನೋಡಿ. ಅದರಿಂದಲೂ ಕಾಣದಿದ್ದರೆ ಬಯೋಸ್‌ಗೆ ಹೋಗಿ ಆ ಸ್ಲಾಟ್‌ನ ಲಿಂಕ್ ಸ್ಪೀಡನ್ನು ಆಟೋ ಬಿಟ್ಟು ಜೆನ್2 (ಪಿಸಿಐ ಎಕ್ಸ್‌ಪ್ರೆಸ್‌ನ ಎರಡನೇ ಪೀಳಿಗೆಯ ವೇಗ) ಎಂದು ಇಡಿ. ಕೆಲವು ಬೋರ್ಡ್ ಮತ್ತು ಕಾರ್ಡ್‌ಗಳ ನಡುವೆ ವೇಗದ ಮಾತುಕತೆ ಕುದುರದೆ ಲಿಂಕ್ ಏಳುವುದೇ ಇಲ್ಲ. ಜೆನ್1 ಪರೀಕ್ಷೆಗೆ ಮಾತ್ರ ಇರಲಿ: ಎಕ್ಸ್1 ಜೆನ್1 ಎಂದರೆ ಒಂದು ದಿಕ್ಕಿಗೆ 2 ಗಿಗಾಬಿಟ್, ಅದರಲ್ಲಿ 2.5 ಗಿಗಾಬಿಟ್ ಕಾರ್ಡ್ ಪೂರ್ತಿ ಓಡಲಾರದು. ಜೆನ್2ರಲ್ಲಿ 4 ಗಿಗಾಬಿಟ್ ಸಿಗುತ್ತದೆ, ಧಾರಾಳವಾಯಿತು.

ಆನ್‌ಬೋರ್ಡ್ ಲ್ಯಾನನ್ನು ಬಯೋಸ್‌ನಲ್ಲಿ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಹೊಸದು ಕೆಲಸ ಮಾಡುವುದಿಲ್ಲ ಎನ್ನುವವರಿದ್ದಾರೆ. ಪ್ರತಿ ಸಾಧನಕ್ಕೂ ಐಆರ್‌ಕ್ಯೂ ನಂಬರ್ (ಪ್ರೊಸೆಸರನ್ನು ಕರೆಯುವ ಸಾಲಿನ ನಂಬರ್) ಕೈಯಲ್ಲಿ ಹೊಂದಿಸುತ್ತಿದ್ದ ಕಾಲದ ಮಾತು ಅದು. ಈಗ ಎರಡೂ ಒಟ್ಟಿಗೆ ಇರುತ್ತವೆ. ಆದರೂ ಕೆಟ್ಟ ಪೋರ್ಟ್ ಪಟ್ಟಿಯಲ್ಲಿ ಉಳಿದರೆ ಯಾವುದು ಹೊಸದು ಎಂಬ ಗೊಂದಲ, ಹಾಗಾಗಿ ಆಫ್ ಮಾಡುವುದು ಒಳ್ಳೆಯದೇ.

ಡೀಪ್ ಸ್ಲೀಪ್ ಸಂದೇಶ ನಿಮ್ಮನ್ನು ದಾರಿ ತಪ್ಪಿಸದಿರಲಿ. ರಿಯಲ್‌ಟೆಕ್ ಇನ್‌ಸ್ಟಾಲರ್‌ಗೆ ಯಾವ ಕಾರಣಕ್ಕೆ ಚಿಪ್ ಸಿಗದಿದ್ದರೂ ಅದೇ ಸಂದೇಶ. ಕೇಬಲ್ ಇಲ್ಲದಾಗ ಚಿಪ್ ಮಲಗಿ ಬಸ್‌ನಿಂದ ಮರೆಯಾಗುವುದು ಒಂದು ಸಾಧ್ಯತೆ ಅಷ್ಟೇ, ನಿಮ್ಮಲ್ಲಿ ಕೇಬಲ್ ಇದೆಯಲ್ಲ.

ಮೇಜುಗಣಕ:

ತುಂಬಾ ಧನ್ಯವಾದ. ಮ್ಯಾನುಯಲ್‌ನಲ್ಲಿ ಅಡಿಟಿಪ್ಪಣಿ ಸಿಕ್ಕಿತು, ಎರಡನೇ ಎಂ.2 ಬಳಸಿದರೆ ಕೆಳಗಿನ ಸ್ಲಾಟ್ ಲಭ್ಯವಿಲ್ಲ ಎಂದೇ ಇದೆ. ಕಾರ್ಡನ್ನು ಮೇಲಿನ ಎಕ್ಸ್1ಗೆ ಹಾಕಿದೆ, ಕೂಲರ್‌ಗೆ ತಗುಲುವುದಿಲ್ಲ. ಈಗ ಅದರ್ ಡಿವೈಸಸ್‌ನಲ್ಲಿ ಈಥರ್ನೆಟ್ ಕಂಟ್ರೋಲರ್ ಹಳದಿ ಗುರುತಿನೊಂದಿಗೆ ಬಂದಿದೆ, ಕೋಡ್ 28. ಜೊತೆಗೆ ಕೊಟ್ಟಿದ್ದ ಡ್ರೈವರ್ ಮತ್ತೆ ಅದೇ ಸಂದೇಶ ಕೊಡುತ್ತಿದೆ. ಮುಂದೆ?

ಬೋರ್ಡ್‌ಬಲ್ಲವ:

ಬಸ್ ದಾಟಿತು, ಒಳ್ಳೆಯದಾಯಿತು. ಕೋಡ್ 28 ಎಂದರೆ ಡ್ರೈವರ್ ಇಲ್ಲ ಎಂದಷ್ಟೇ. ಆ ಸಾಧನದ ಪ್ರಾಪರ್ಟೀಸ್ ತೆರೆದು ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡೀಸ್ ನೋಡಿ. ವೆಂಡರ್ 10ಇಸಿ ಎಂದರೆ ರಿಯಲ್‌ಟೆಕ್, 8086 ಎಂದರೆ ಇಂಟೆಲ್. ಡಿವೈಸ್ 8125 ಇದ್ದರೆ 2.5 ಗಿಗಾಬಿಟ್ ಚಿಪ್. 8168 ಇದ್ದರೆ ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದು ಒಂದು ಗಿಗಾಬಿಟ್ ಚಿಪ್. ಡ್ರೈವರನ್ನು ಡಬ್ಬಿ ನೋಡಿ ಆರಿಸಬೇಡಿ, ಈ ಐಡಿ ನೋಡಿ ಆರಿಸಿ.

ಜೊತೆಗೆ ಕೊಡುವ ಡ್ರೈವರ್ ಹಳೆಯ ಚಿಪ್‌ಗಳ ಸಲುವಾಗಿ ಮಾಡಿದ್ದಿರಬಹುದು. ಚಿಪ್ ತಯಾರಕರ ಅಧಿಕೃತ ತಾಣದಿಂದ ವಿಂಡೋಸ್ 11 ಆವೃತ್ತಿ ಇಳಿಸಿಕೊಳ್ಳಿ. ನೆಟ್ ಇಲ್ಲ ಎನ್ನುವ ತೊಂದರೆಗೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಆಂಡ್ರಾಯ್ಡ್ ಆದರೆ ವಿಂಡೋಸ್ ಅದನ್ನು ತಾನಾಗಿಯೇ ಗುರುತಿಸುತ್ತದೆ. ನೆಟ್ ಬಂದ ಮೇಲೆ ವಿಂಡೋಸ್ ಅಪ್‌ಡೇಟ್‌ನ ಆಪ್ಶನಲ್ ಅಪ್‌ಡೇಟ್ಸ್‌ನಲ್ಲೇ ಡ್ರೈವರ್ ಸಿಗುವುದೂ ಉಂಟು. ಸೆಟಪ್ ಫೈಲ್ ಹಟ ಹಿಡಿದರೆ ಜಿಪ್ ಬಿಚ್ಚಿ, ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್ ಆರಿಸಿ, ಐಎನ್‌ಎಫ್ ಫೈಲ್ ಇರುವ ಫೋಲ್ಡರ್ ತೋರಿಸಿ.

ಆಮೇಲೆ ಕೋಡ್ 10 ಬಂದರೆ ಡ್ರೈವರ್ ಕೂತರೂ ಚಿಪ್ ಶುರುವಾಗಿಲ್ಲ ಎಂದರ್ಥ. ಡ್ರೈವರನ್ನು ಡಿಲೀಟ್ ಆಯ್ಕೆಗೆ ಟಿಕ್ ಹಾಕಿ ಅನ್‌ಇನ್‌ಸ್ಟಾಲ್ ಮಾಡಿ, ವೈರ್ ಕಿತ್ತು ಕರೆಂಟ್ ಪೂರ್ತಿ ತೆಗೆದು, ಮತ್ತೆ ಹಾಕಿ ನೋಡಬೇಕು. ಕೋಡ್ 52 ಬಂದರೆ ಸಹಿ ಇಲ್ಲದ ಡ್ರೈವರ್. ಸೆಕ್ಯೂರ್ ಬೂಟ್ ಆಫ್ ಮಾಡುವ ಬದಲು ಸರಿಯಾದ ಡ್ರೈವರ್ ಹುಡುಕಿ. ಲಿನಕ್ಸ್ ಬಳಸುವವರಿಗೆ: 8125 ಚಿಪ್‌ಗೆ ಕರ್ನಲ್ 5.4ರಿಂದ ಆರ್8169 ಡ್ರೈವರ್‌ನಲ್ಲೇ ಬೆಂಬಲ ಇದೆ, ಬೇರೇನೂ ಹಾಕಬೇಕಿಲ್ಲ.

ಮೇಜುಗಣಕ:

ಐಡಿ 10ಇಸಿ, 8125. ಫೋಲ್ಡರ್ ತೋರಿಸಿದಾಗ ಡ್ರೈವರ್ ಕೂತಿತು, ಪೋರ್ಟ್‌ನಲ್ಲಿ ಲೈಟ್ ಬಂತು. ಆದರೆ ಸ್ಟೇಟಸ್‌ನಲ್ಲಿ ಸ್ಪೀಡ್ 100 ಎಂಬಿಪಿಎಸ್ ಎಂದಿದೆ, ಐಪಿ 169.254ರಿಂದ ಶುರುವಾಗುತ್ತದೆ, ನೆಟ್ ಇಲ್ಲ. ಅದೇ ರೂಟರ್‌ನ ವೈಫೈನಲ್ಲಿ ಫೋನ್ ಚೆನ್ನಾಗಿ ನಡೆಯುತ್ತಿದೆ.

ತಂತಿಗಂಟು:

ಇವು ಎರಡು ಬೇರೆ ತೊಂದರೆಗಳಾಗಿರಬಹುದು, ಒಂದೊಂದಾಗಿ ನೋಡೋಣ.

ಮೊದಲು 100. ಆರ್‌ಜೆ45ನಲ್ಲಿ (ಲ್ಯಾನ್ ಕೇಬಲ್ ತುದಿಯ ಪ್ಲಗ್) ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ 1, 2, 3, 6 ಈ ನಾಲ್ಕು ಪಿನ್ ಸಾಕು. ಗಿಗಾಬಿಟ್‌ಗೂ 2.5ಕ್ಕೂ ಎಂಟೂ ಬೇಕು. 4, 5, 7, 8ರಲ್ಲಿ ಒಂದು ತಂತಿ ತುಂಡಾಗಿದ್ದರೂ ಎರಡೂ ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಆದ್ದರಿಂದ 100 ಕಂಡರೆ ಕಾರ್ಡನ್ನು ಬೈಯುವ ಮೊದಲು ಕೇಬಲ್ ಬದಲಿಸಿ, ಸಿದ್ಧ ಕ್ಯಾಟ್5ಇ ಅಥವಾ ಕ್ಯಾಟ್6 ಪ್ಯಾಚ್ ಕೇಬಲ್ ಒಂದು. ಅದರಲ್ಲಿ 1000 ಬಂದರೆ ಹಳೆಯ ಕೇಬಲ್‌ನ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ (ಹೊಸ ಪ್ಲಗ್ ಒತ್ತಿ ಕೂರಿಸಿ). ತಂತಿಗಳ ಬಣ್ಣದ ಬಿ ಕ್ರಮ (ಟಿ568ಬಿ) ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಒಂದೇ ಕ್ರಮ ಇರಲಿ, ತಂತಿಯ ತಿರುವನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬೇಡಿ. ಹಸಿರು ಜೋಡಿ 3 ಮತ್ತು 6ಕ್ಕೆ ಹೋಗಬೇಕು. ಬಣ್ಣಗಳನ್ನು ಸುಮ್ಮನೆ ಸಾಲಾಗಿ ಜೋಡಿಸಿದರೆ ಅಗ್ಗದ ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತುತ್ತವೆ, ಆದರೆ ಜೋಡಿ ಒಡೆದಿರುವುದರಿಂದ ವೇಗ ಬರುವುದಿಲ್ಲ. ಟೆಸ್ಟರ್ ಸರಿ ಎಂದಿತು ಎಂದು ಕೇಬಲನ್ನು ನಂಬಿ ಕೂರುವವರಿಗೆ ಇದೇ ಪೆಟ್ಟು.

ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್ ಆಟೋ ನೆಗೋಷಿಯೇಶನ್‌ನಲ್ಲೇ ಇರಲಿ. ಕೈಯಿಂದ 100 ಫುಲ್ ಎಂದು ಇಟ್ಟರೆ, ಆಟೋದಲ್ಲಿರುವ ಎದುರಿನ ತುದಿ ವೇಗವನ್ನು ಗುರುತಿಸಿದರೂ ಡ್ಯೂಪ್ಲೆಕ್ಸ್ ಗೊತ್ತಾಗದೆ ಹಾಫ್‌ಗೆ (ಒಮ್ಮೆಗೆ ಒಂದೇ ದಿಕ್ಕಿಗೆ) ಇಳಿಯುತ್ತದೆ. ಆಮೇಲೆ ಲಿಂಕ್ ಇದ್ದೂ ಫೈಲ್ ಕಾಪಿ ಆಮೆಯ ನಡಿಗೆ.

ಈಗ 169.254. ಡಿಎಚ್‌ಸಿಪಿಯಿಂದ (ರೂಟರ್ ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ಉತ್ತರ ಬಾರದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ವಿಳಾಸ ಇದು. ಫೋನ್‌ಗೆ ವೈಫೈನಲ್ಲಿ ಸಿಕ್ಕಿರುವ ಐಪಿ ಮತ್ತು ಗೇಟ್‌ವೇ (ರೂಟರ್‌ನ ವಿಳಾಸ) ನೋಡಿ. ಗೇಟ್‌ವೇ 192.168.1.1 ಇದ್ದರೆ, ಕಂಪ್ಯೂಟರ್‌ಗೆ ಬೇರೆ ಯಾರೂ ಬಳಸದ ಒಂದು ವಿಳಾಸ, ಉದಾಹರಣೆಗೆ 192.168.1.200, ಮಾಸ್ಕ್ 255.255.255.0 ಕೊಟ್ಟು ಗೇಟ್‌ವೇಗೆ ಪಿಂಗ್ ಮಾಡಿ. ಉತ್ತರ ಬಂದರೆ ತಂತಿ, ಕಾರ್ಡ್, ಡ್ರೈವರ್ ಮೂರೂ ಸರಿ, ತಪ್ಪು ಡಿಎಚ್‌ಸಿಪಿಯದು. ಉತ್ತರ ಬಾರದಿದ್ದರೆ ಕೇಬಲ್, ರೂಟರ್‌ನ ಪೋರ್ಟ್, ಅಥವಾ ರೂಟರ್‌ನ ಮ್ಯಾಕ್ ಫಿಲ್ಟರ್ (ಮ್ಯಾಕ್ ಎಂದರೆ ಪ್ರತಿ ನೆಟ್‌ವರ್ಕ್ ಕಾರ್ಡ್‌ಗೆ ಇರುವ ಸ್ವಂತ ವಿಳಾಸ). ಪರೀಕ್ಷೆ ಮುಗಿದ ಮೇಲೆ ಮರಳಿ ಆಟೋಮ್ಯಾಟಿಕ್‌ಗೆ ಇಡಿ.

ಮ್ಯಾಕ್ ಫಿಲ್ಟರ್ ವಿಷಯ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಾರ್ಡ್ ಬದಲಿಸಿದಾಗ ಮ್ಯಾಕ್ ವಿಳಾಸವೂ ಬದಲಾಗುತ್ತದೆ ಎನ್ನುವುದು ನೆನಪಿಗೇ ಬರುವುದಿಲ್ಲ. ರೂಟರ್‌ನಲ್ಲಿ ಇಂತಿಂಥ ಮ್ಯಾಕ್‌ಗಳಿಗೆ ಮಾತ್ರ ಪ್ರವೇಶ ಎಂದು ಪಟ್ಟಿ ಮಾಡಿದ್ದರೆ ಹಳೆಯ ಪೋರ್ಟ್‌ನ ವಿಳಾಸ ಅದರಲ್ಲಿರುತ್ತದೆ, ಹೊಸದು ಇರುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ /ಆಲ್ (ipconfig /all) ಕೊಟ್ಟು ಫಿಸಿಕಲ್ ಅಡ್ರೆಸ್ ಎದುರಿನ ಹನ್ನೆರಡು ಅಕ್ಷರ-ಅಂಕಿಗಳನ್ನು ಪಟ್ಟಿಗೆ ಸೇರಿಸಿ. ರೂಟರ್ ಇಲ್ಲದೆ ಮೋಡೆಮ್‌ಗೆ ನೇರ ಜೋಡಿಸಿದವರಿಗೂ ಇದೇ ಕಥೆ. ಮೋಡೆಮ್ ಮೊದಲು ಕಂಡ ಮ್ಯಾಕನ್ನೇ ಹಿಡಿದಿಟ್ಟುಕೊಂಡಿದ್ದರೆ ಅದನ್ನು ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಆನ್ ಮಾಡಬೇಕು. ಸೇವೆ ಕೊಡುವವರ ಕಡೆಯಲ್ಲೇ ಮ್ಯಾಕ್ ನಮೂದಾಗಿದ್ದರೆ ಅವರಿಗೆ ಹೊಸದನ್ನು ತಿಳಿಸಲೇಬೇಕು.

ಹಸಿರುದೀಪ:

ಹಳೆಯ ಪೋರ್ಟ್‌ಗೆ ಸ್ಥಿರ ಐಪಿ ಕೊಟ್ಟಿದ್ದು, ಅದನ್ನೇ ಹೊಸದಕ್ಕೆ ಹಾಕಹೊರಟರೆ ಈ ವಿಳಾಸ ಬೇರೊಂದು ಅಡಾಪ್ಟರ್‌ಗೆ ಈಗಾಗಲೇ ಇದೆ ಎಂದು ವಿಂಡೋಸ್ ತಕರಾರು ಮಾಡಬಹುದು. ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಆರಿಸಿ. ಮಸುಕಾಗಿ ಕಾಣುವ ಹಳೆಯ ಅಡಾಪ್ಟರನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಆಯಿತು.

ಮೇಜುಗಣಕ:

ಹೊಸ ಕ್ಯಾಟ್6 ಕೇಬಲ್ ಹಾಕಿದ ಕೂಡಲೇ ಸ್ಪೀಡ್ 1000 ಆಯಿತು. ಸ್ಥಿರ ಐಪಿ ಕೊಟ್ಟರೂ ಗೇಟ್‌ವೇ ಪಿಂಗ್‌ಗೆ ಉತ್ತರ ಇರಲಿಲ್ಲ. ರೂಟರ್‌ನಲ್ಲಿ ಮ್ಯಾಕ್ ಪಟ್ಟಿ ಆನ್ ಇತ್ತು. ಹೊಸ ವಿಳಾಸ ಸೇರಿಸಿ ಐಪಿಯನ್ನು ಆಟೋಮ್ಯಾಟಿಕ್‌ಗೆ ಇಟ್ಟ ಮೇಲೆ 192.168ರ ವಿಳಾಸ ಬಂತು, ನೆಟ್ ಬಂತು. ಕೊನೆಯ ಪ್ರಶ್ನೆ: 2.5 ಗಿಗಾಬಿಟ್ ಕಾರ್ಡ್ ಆದರೂ 1000 ಮಾತ್ರ ತೋರಿಸುತ್ತದೆ ಏಕೆ?

ತಂತಿಗಂಟು:

ರೂಟರ್‌ನ ಆ ಪೋರ್ಟ್ ಒಂದು ಗಿಗಾಬಿಟ್‌ನದು. ಲಿಂಕ್ ಯಾವತ್ತೂ ಎರಡು ತುದಿಗಳಲ್ಲಿ ಕಡಿಮೆಯದರ ವೇಗಕ್ಕೆ ನಿಲ್ಲುತ್ತದೆ. ಆ ಕಡೆಯೂ 2.5 ಪೋರ್ಟ್ ಇದ್ದರೆ ಮಾತ್ರ 2.5 ಬರುತ್ತದೆ. ಕೆಲವು ರೂಟರ್‌ಗಳಲ್ಲಿ ಒಂದೇ ಒಂದು ಪೋರ್ಟ್ 2.5ರದು, ಉಳಿದವು ಒಂದರವು, ಹಾಗಾಗಿ ಪೋರ್ಟ್ ಮೇಲಿನ ಬರಹ ಓದಿ. ಕೇಬಲ್ ಬದಲಿಸಬೇಕಿಲ್ಲ, 2.5 ಗಿಗಾಬಿಟ್ 100 ಮೀಟರ್‌ವರೆಗೆ ಕ್ಯಾಟ್5ಇ ಮೇಲೂ ಓಡುವಂತೆಯೇ 2016ರಲ್ಲಿ ಮಾನದಂಡ ಮಾಡಿದ್ದಾರೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಮಾತ್ರ ಬೇಡ. ಈಗಿನ ಲಿಂಕ್ ಸರಿಯಾಗಿದೆಯೇ ಎಂದು ನೋಡಲು ಎರಡು ಕಂಪ್ಯೂಟರ್‌ಗಳ ನಡುವೆ ಐಪರ್ಫ್3 (ವೇಗ ಅಳೆಯುವ ತಂತ್ರಾಂಶ) ಓಡಿಸಿ: 940 ಎಂಬಿಪಿಎಸ್ ಆಸುಪಾಸು ಬಂದರೆ ಒಂದು ಗಿಗಾಬಿಟ್‌ನಲ್ಲಿ ಅದೇ ಪೂರ್ತಿ ವೇಗ. ಮುಂದೆ 2.5 ಆದಾಗ 2.35 ಗಿಗಾಬಿಟ್ ಹತ್ತಿರ ಕಾಣಬೇಕು.

ಬೋರ್ಡ್‌ಬಲ್ಲವ:

ಒಂದೆರಡು ದಿನ ಬಳಸಿ ನೋಡಿ. ನಡುನಡುವೆ ಲಿಂಕ್ ಕಡಿದು ಕೆಲವು ಸೆಕೆಂಡ್ ಬಿಟ್ಟು ಮರಳುತ್ತಿದ್ದರೆ, ಅಥವಾ ಸ್ಲೀಪ್‌ನಿಂದ ಎದ್ದ ಮೇಲೆ ಕಾರ್ಡ್ ಕಾಣದಿದ್ದರೆ, ವಿದ್ಯುತ್ ಉಳಿತಾಯದ ಸೆಟ್ಟಿಂಗ್‌ಗಳನ್ನು ನೋಡಿ. ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಮತ್ತು ಗ್ರೀನ್ ಈಥರ್ನೆಟ್ ಆಫ್ ಮಾಡಿ. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎನ್ನುವ ಟಿಕ್ ತೆಗೆಯಿರಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕೆಳಗೆ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಇದ್ದರೆ ಅದೂ ಆಫ್. ಎಲ್ಲವನ್ನೂ ಒಟ್ಟಿಗೆ ಬದಲಿಸದೆ ಒಂದೊಂದಾಗಿ ಬದಲಿಸಿ, ಯಾವುದರಿಂದ ನಿಂತಿತು ಎಂದು ಇಲ್ಲೇ ಬರೆಯಿರಿ, 8125 ಇರುವ ಇತರರಿಗೂ ಅನುಕೂಲ. ಮತ್ತೆ, ಕಂಪ್ಯೂಟರ್ ಆಫ್ ಇದ್ದಾಗಲೂ ಪೋರ್ಟ್‌ನ ಲೈಟ್ ಹತ್ತಿದ್ದರೆ ಗಾಬರಿ ಬೇಡ, ವೇಕ್ ಆನ್ ಲ್ಯಾನ್‌ಗಾಗಿ (ನೆಟ್‌ವರ್ಕ್ ಮೂಲಕ ಕಂಪ್ಯೂಟರ್ ಆನ್ ಮಾಡುವ ಸೌಲಭ್ಯ) ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಿರುತ್ತದೆ. ಅದು ಬೇಡ ಎಂದರೆ ಬಯೋಸ್‌ನಲ್ಲಿ ಇಆರ್‌ಪಿ (ಆಫ್ ಇದ್ದಾಗಿನ ವಿದ್ಯುತ್ ಬಳಕೆ ತಗ್ಗಿಸುವ ಆಯ್ಕೆ) ಆನ್ ಮಾಡಿ.